ಜ್ವರಕ್ಕೆ ಇವತ್ತು ಎಷ್ಟನೇ ದಿನ?



ಮುಂಗಾರು ಹಿಡಿದು ತೊಟ್ಟಿ, ಗುಂಡಿ, ಹಳೇ ಟೈರುಗಳಲ್ಲಿ ನೀರು ನಿಂತಿತೆಂದರೆ ರಾಣೆಬೆನ್ನೂರಿನ ಲ್ಯಾಬುಗಳ ಮುಂದಿನ ಬೆಂಚುಗಳು ತುಂಬುತ್ತವೆ. ಹಲಗೇರಿ, ಮೇಡ್ಲೇರಿ, ತುಮ್ಮಿನಕಟ್ಟಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಕೈಯಲ್ಲಿ ಚೀಟಿ ಹಿಡಿದು ಕೂತಿರುತ್ತಾರೆ. ಚೀಟಿಯಲ್ಲಿ ಎನ್‌ಎಸ್ ಒನ್, ಐಜಿಎಂ, ವೈಡಾಲ್, ಪ್ಲೇಟ್‌ಲೆಟ್ ಎಂದೆಲ್ಲ ಬರೆದಿರುತ್ತದೆ. ಸಂಜೆ ರಿಪೋರ್ಟು ಕೈಗೆ ಬಂದಾಗ ಎಲ್ಲರೂ ನೋಡುವುದು ಒಂದೇ ಮಾತನ್ನು: ಪಾಸಿಟಿವೋ, ನೆಗೆಟಿವೋ. ಆ ಮಾತನ್ನು ಓದಿ ಕೆಲವರು ಎದೆ ಒಡೆದುಕೊಳ್ಳುತ್ತಾರೆ, ಕೆಲವರು ಮಗುವಿಗೆ ಇನ್ನೇನೂ ಇಲ್ಲವೆಂದು ಊರಿಗೆ ಬಸ್ಸು ಹತ್ತುತ್ತಾರೆ. ಜ್ವರದ ರೋಗಿಗಳನ್ನು ನೋಡುವ ವೈದ್ಯನಾಗಿ ನಾನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಇಷ್ಟೇ. ಆ ಒಂದು ಮಾತನ್ನು ಹಾಗೆ ಒಂಟಿಯಾಗಿ ಓದಬಾರದು. ಜ್ವರಕ್ಕೆ ಇವತ್ತು ಎಷ್ಟನೇ ದಿನ, ಆ ರೋಗ ಈಗ ನಮ್ಮ ಸೀಮೆಯಲ್ಲಿ ಎಷ್ಟು ಹರಡಿದೆ, ಈ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಸೋಂಕಿನ ಪರೀಕ್ಷೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಗೆಯವು ವೈರಾಣುವನ್ನೇ ಹುಡುಕುತ್ತವೆ. ಅದರ ವಂಶಧಾತುವನ್ನು ಹುಡುಕಿದರೆ ಅದು ಪಿಸಿಆರ್, ಅದರ ಮೈಮೇಲಿನ ಅಥವಾ ಅದು ಹೊರಬಿಡುವ ಪ್ರೋಟೀನನ್ನು ಹುಡುಕಿದರೆ ಅದು ಆಂಟಿಜೆನ್ ಪರೀಕ್ಷೆ. ಇನ್ನೊಂದು ಬಗೆಯವು ವೈರಾಣುವನ್ನು ಹುಡುಕುವುದೇ ಇಲ್ಲ. ಅದು ಬಂದಾಗ ನಮ್ಮ ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು, ಆಂಟಿಬಾಡಿಯನ್ನು, ಹುಡುಕುತ್ತವೆ. ವೈರಾಣು ಮೊದಲು ಬರುತ್ತದೆ, ಕೆಲವು ದಿನ ಇದ್ದು ಹೋಗುತ್ತದೆ. ಪ್ರತಿಕಾಯ ತಡವಾಗಿ ಏಳುತ್ತದೆ, ಏಳುವಾಗ ಮೊದಲು ಐಜಿಎಂ, ಅದರ ಹಿಂದೆ ಐಜಿಜಿ. ಐಜಿಎಂ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಐಜಿಜಿ ವರ್ಷಗಟ್ಟಲೆ ಉಳಿಯಬಹುದು. ಹಾಗಾಗಿ ಬೇಗ ಮಾಡಿದ ಆಂಟಿಬಾಡಿ ಪರೀಕ್ಷೆಗೂ ತಡವಾಗಿ ಮಾಡಿದ ವೈರಾಣು ಪರೀಕ್ಷೆಗೂ ಏನೂ ಸಿಗದಿರಬಹುದು. ರೋಗ ಇರುತ್ತದೆ, ರಿಪೋರ್ಟು ಇಲ್ಲ ಎನ್ನುತ್ತದೆ.

ಕೋವಿಡ್ ಈ ಪಾಠವನ್ನು ನಮಗೆಲ್ಲ ಕಷ್ಟದಲ್ಲಿ ಕಲಿಸಿತು. ೨೦೨೦ರ ಮಾರ್ಚ್ ೧೦ರಂದು ಕಲಬುರಗಿಯ ೭೬ ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿ ಅರೇಬಿಯಾದಿಂದ ಮರಳಿದ್ದವರು. ಚಿಕಿತ್ಸೆಗೆಂದು ಅವರನ್ನು ಹೈದರಾಬಾದಿಗೆ ಕರೆದೊಯ್ದು ವಾಪಸು ತಂದದ್ದೂ ಆಗಿತ್ತು. ಅವರಿಗಿದ್ದದ್ದು ಕೋವಿಡ್ ಎಂದು ಖಚಿತವಾದದ್ದು ಮಾರ್ಚ್ ೧೨ರಂದು, ಸಾವಿನ ಎರಡು ದಿನದ ನಂತರ. ಭಾರತದಲ್ಲಿ ಆ ರೋಗದಿಂದಾದ ಮೊದಲ ಸಾವು ಅದು. ಪರೀಕ್ಷೆ ಹೇಳಿದ್ದು ನಿಜವೇ. ಆದರೆ ರೋಗಿಗೆ ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ಪರೀಕ್ಷೆಯ ನಿಖರತೆ ಬೇರೆ, ಉಪಯುಕ್ತತೆ ಬೇರೆ ಎಂದು ಆ ಸಾವನ್ನು ನೆನೆದಾಗಲೆಲ್ಲ ನನಗೆ ಅನಿಸುತ್ತದೆ.

ಅದೇ ವರ್ಷ ಏಪ್ರಿಲ್ ೩೦ರಂದು ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳನ್ನು ಸೋಂಕಿನ ಪ್ರಮಾಣ ನೋಡಿ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ನಮ್ಮ ಹಾವೇರಿ ಹಸಿರು ಪಟ್ಟಿಯಲ್ಲಿತ್ತು. ಜನ ಹೆಮ್ಮೆಪಟ್ಟರು, ಪಡುವುದು ಸಹಜವೇ. ಮೇ ಮೊದಲ ವಾರದಲ್ಲಿ, ಮುಂಬಯಿಯಿಂದ ಸವಣೂರಿಗೆ ಮರಳಿದವರಲ್ಲಿ ಜಿಲ್ಲೆಯ ಮೊದಲ ಪ್ರಕರಣ ಪತ್ತೆಯಾಯಿತು. ಹಸಿರು ಎಂದರೆ ಸೋಂಕು ಇಲ್ಲವೆಂದಲ್ಲ, ಅಲ್ಲಿಯವರೆಗೆ ಕಂಡುಬಂದಿಲ್ಲವೆಂದು ಅರ್ಥ. ಆಗ ಪರೀಕ್ಷೆಗಳ ಸಂಖ್ಯೆಯೇ ಕಡಿಮೆ. ದೂರದಿಂದ ಬಂದವರನ್ನೂ ಲಕ್ಷಣವಿದ್ದವರನ್ನೂ ಮಾತ್ರ ಹುಡುಕಿ ಪರೀಕ್ಷಿಸುತ್ತಿದ್ದ ದಿನಗಳವು.

ಪಿಸಿಆರ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅದರ ಶಕ್ತಿಯೂ ಮಿತಿಯೂ ಎರಡೂ ಅರ್ಥವಾಗುತ್ತವೆ. ಅಮೆರಿಕದ ಕ್ಯಾರಿ ಮುಲ್ಲಿಸ್ ೧೯೮೩ರಲ್ಲಿ ಈ ವಿಧಾನವನ್ನು ಯೋಚಿಸಿದರು, ೧೯೯೩ರಲ್ಲಿ ಅದಕ್ಕೆ ನೊಬೆಲ್ ಬಂತು. ಮೂಗು ಗಂಟಲಿನಿಂದ ತೆಗೆದ ದ್ರವದಲ್ಲಿರುವ ವೈರಾಣುವಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿ ಬದಲಿಸುತ್ತಾರೆ. ಆಮೇಲೆ ಯಂತ್ರ ಅದನ್ನು ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ, ಸುತ್ತು ಸುತ್ತಿಗೂ ಇಮ್ಮಡಿಸುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹತ್ತು ಸುತ್ತಿಗೆ ಒಂದಿದ್ದದ್ದು ೧,೦೨೪. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ, ಮೂವತ್ತಕ್ಕೆ ನೂರು ಕೋಟಿ. ಎಷ್ಟನೇ ಸುತ್ತಿನಲ್ಲಿ ಯಂತ್ರದ ಕಣ್ಣಿಗೆ ಬಿತ್ತೆಂಬುದನ್ನು ಸಿಟಿ ವ್ಯಾಲ್ಯೂ ಎನ್ನುತ್ತಾರೆ. ಎದೆಯ ಸಿಟಿ ಸ್ಕ್ಯಾನಿಗೂ ಇದಕ್ಕೂ ಸಂಬಂಧವಿಲ್ಲ, ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಎರಡನ್ನೂ ಒಂದೇ ಎಂದು ತಿಳಿದು ಗಾಬರಿಯಾದವರಿದ್ದರು. ಬೇಗ ಕಂಡರೆ ಮಾದರಿಯಲ್ಲಿ ವೈರಾಣು ಹೆಚ್ಚಿತ್ತು, ತಡವಾಗಿ ಕಂಡರೆ ಕಡಿಮೆ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನಾವೆಲ್ಲ ಐಸಿಎಂಆರ್ ಎನ್ನುವ ಸಂಸ್ಥೆ, ಕೋವಿಡಿಗೆ ೩೫ನ್ನು ಗಡಿಯಾಗಿ ಇಟ್ಟಿತ್ತು.

ಇಷ್ಟು ಸೂಕ್ಷ್ಮವಾದ ಪರೀಕ್ಷೆ ಸೋಲುವುದು ಎಲ್ಲಿ? ಬಹಳ ಸಲ ಯಂತ್ರದಲ್ಲಲ್ಲ, ಮೂಗಿನಲ್ಲಿ. ಕಡ್ಡಿ ಸಾಕಷ್ಟು ಒಳಗೆ ಹೋಗಿರದಿದ್ದರೆ, ಮಾದರಿ ತಂಪಿನಲ್ಲಿ ಇರದೆ ಬಿಸಿಲಿನಲ್ಲಿ ಸಾಗಿದ್ದರೆ ಎಂಥ ಯಂತ್ರವೂ ಇಲ್ಲದ್ದನ್ನು ಇಮ್ಮಡಿಸಲಾರದು. ಇನ್ನೊಂದು ಕಾರಣ ದಿನ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೦ರಲ್ಲಿ ಏಳು ಅಧ್ಯಯನಗಳ ಅಂಕಿ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸೋಂಕು ತಗುಲಿದ ಮೊದಲ ದಿನ ಪಿಸಿಆರ್ ಮಾಡಿದರೆ ಯಾರಲ್ಲೂ ಸಿಗುವುದಿಲ್ಲ. ಲಕ್ಷಣ ಕಾಣಿಸಿಕೊಂಡ ದಿನ ಮಾಡಿದರೆ ಸೋಂಕಿತರಲ್ಲಿ ನೂರಕ್ಕೆ ಸುಮಾರು ೩೮ ಮಂದಿ ತಪ್ಪಿಹೋಗುತ್ತಾರೆ. ಅದರಿಂದ ಮೂರು ದಿನ ಬಿಟ್ಟು ಮಾಡಿದರೆ ತಪ್ಪುವವರು ೨೦ಕ್ಕೆ ಇಳಿಯುತ್ತಾರೆ. ಆಮೇಲೆ ಮತ್ತೆ ಏರುತ್ತದೆ. ಯಂತ್ರ, ರಾಸಾಯನಿಕ, ಕಡ್ಡಿ ಎಲ್ಲವೂ ಒಂದೇ ಆಗಿದ್ದು ದಿನ ಮಾತ್ರ ಬೇರೆಯಾದರೆ ಉತ್ತರ ಬೇರೆಯಾಗುತ್ತದೆ.

ತಿರುಗುಮುರುಗಾದ ತೊಂದರೆಯೂ ಇತ್ತು. ಗುಣವಾಗಿ ವಾರಗಳಾದ ಮೇಲೂ ಸತ್ತ ವೈರಾಣುವಿನ ಚೂರುಗಳು ಮೂಗಿನಲ್ಲಿ ಉಳಿದು ಪಿಸಿಆರ್ ಪಾಸಿಟಿವ್ ಎನ್ನುತ್ತಲೇ ಇತ್ತು. ಹಾಗೆ ಗುಣವಾದವರಿಂದ ಯಾರಿಗೂ ಹರಡುತ್ತಿರಲಿಲ್ಲ, ಆದರೂ ಅವರನ್ನು ಮನೆಗೆ ಬಿಡುತ್ತಿರಲಿಲ್ಲ. ೨೦೨೦ರ ಮೇ ೮ರಂದು ಕೇಂದ್ರ ಆರೋಗ್ಯ ಸಚಿವಾಲಯ ನಿಯಮ ಬದಲಿಸಿತು. ಸೌಮ್ಯ ಲಕ್ಷಣದವರನ್ನು ಹತ್ತು ದಿನದ ನಂತರ ಮರುಪರೀಕ್ಷೆ ಇಲ್ಲದೆ ಕಳಿಸಬಹುದೆಂದಿತು. ಪರೀಕ್ಷೆ ಮಾಡದೆ ಕಳಿಸುತ್ತಾರಲ್ಲ ಎಂದು ಆಗ ಬಹಳ ಜನ ಹೆದರಿದರು. ಅದು ತಿಳಿದು ತೆಗೆದುಕೊಂಡ ಸರಿಯಾದ ತೀರ್ಮಾನವಾಗಿತ್ತು. ಉತ್ತರದಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗದಿದ್ದಾಗ ಪರೀಕ್ಷೆಯನ್ನು ಬಿಡುವುದೂ ವೈದ್ಯಕೀಯವೇ.

ಜೂನ್ ೧೪ರಂದು ಐಸಿಎಂಆರ್ ಅರ್ಧ ಗಂಟೆಯಲ್ಲಿ ಉತ್ತರ ಕೊಡುವ ಆಂಟಿಜೆನ್ ಕಿಟ್ಟಿಗೆ ಒಪ್ಪಿಗೆ ಕೊಟ್ಟಿತು. ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ನಡೆಸಿದ ಪರಿಶೀಲನೆಯಲ್ಲಿ ಆ ಕಿಟ್ ಸೋಂಕಿಲ್ಲದವರನ್ನು ಇಲ್ಲ ಎಂದು ಗುರುತಿಸುವುದರಲ್ಲಿ ನೂರಕ್ಕೆ ೯೯.೩ರಿಂದ ೧೦೦ರಷ್ಟು ಸರಿಯಿತ್ತು. ಆದರೆ ಸೋಂಕಿತರನ್ನು ಹಿಡಿಯುವುದರಲ್ಲಿ ೫೦.೬ರಿಂದ ೮೪ರವರೆಗೆ ಮಾತ್ರ. ಅದಕ್ಕಾಗಿಯೇ ಪಾಸಿಟಿವ್ ಬಂದರೆ ನಂಬಿ, ಲಕ್ಷಣವಿದ್ದೂ ನೆಗೆಟಿವ್ ಬಂದರೆ ಪಿಸಿಆರ್ ಮಾಡಿ ಎಂದು ನಿಯಮ ಮಾಡಿದರು.

ಈ ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗೋಣ. ಕಾಯಿ ಆರಿಸುವ ಹೆಣ್ಣುಮಗಳೊಬ್ಬಳು ಕೂತಿದ್ದಾಳೆ ಎಂದುಕೊಳ್ಳಿ. ಬಣ್ಣಗೆಟ್ಟ ಕಾಯಿ ನೂರಿದ್ದರೆ ಅರವತ್ತನ್ನು ಹಿಡಿಯುತ್ತಾಳೆ, ಒಳ್ಳೆಯ ಕಾಯಿ ನೂರಿದ್ದರೆ ಒಂದನ್ನು ತಪ್ಪಾಗಿ ಎತ್ತಿ ಹಾಕುತ್ತಾಳೆ. ಮೊದಲ ರಾಶಿಯಲ್ಲಿ ಸಾವಿರ ಕಾಯಿ, ಅದರಲ್ಲಿ ಕೆಟ್ಟದ್ದು ಹತ್ತೇ. ಅವಳ ಬುಟ್ಟಿಗೆ ಬೀಳುವುದು ಆರು ಕೆಟ್ಟದ್ದು, ಹತ್ತು ಒಳ್ಳೆಯದ್ದು. ತೆಗೆದ ಹದಿನಾರರಲ್ಲಿ ಹತ್ತು ತಪ್ಪು! ಎರಡನೇ ರಾಶಿ ಮಳೆಗೆ ಸಿಕ್ಕ ಮಾಲು, ಸಾವಿರದಲ್ಲಿ ಮುನ್ನೂರು ಕೆಟ್ಟದ್ದು. ಈಗ ಬುಟ್ಟಿಗೆ ನೂರಾ ಎಂಬತ್ತು ಕೆಟ್ಟದ್ದು, ಏಳು ಒಳ್ಳೆಯದ್ದು ಬೀಳುತ್ತವೆ. ಬುಟ್ಟಿ ಬಹುಮಟ್ಟಿಗೆ ಸರಿಯಾಗಿದೆ. ಆದರೆ ಒಳ್ಳೆಯದೆಂದು ಉಳಿಸಿದ ಎಂಟುನೂರಾ ಹದಿಮೂರರಲ್ಲಿ ನೂರಾ ಇಪ್ಪತ್ತು ಕೆಟ್ಟವೇ. ಅವಳ ಕಣ್ಣು ಅದೇ, ಕೈ ಅದೇ. ಬದಲಾದದ್ದು ರಾಶಿ.

ಪರೀಕ್ಷೆಗೂ ಇದೇ ಲೆಕ್ಕ. ಊರಿನಲ್ಲಿ ರೋಗ ಅಪರೂಪವಾಗಿದ್ದಾಗ ಪಾಸಿಟಿವ್ ಬಂದರೆ ಅನುಮಾನಿಸಿ ಮತ್ತೊಮ್ಮೆ ನೋಡಬೇಕು. ರೋಗ ಉಕ್ಕಿದಾಗ ನೆಗೆಟಿವನ್ನು ಅನುಮಾನಿಸಬೇಕು. ೨೦೨೧ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಿದ ನೂರು ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರಿಗೆ ಪಾಸಿಟಿವ್ ಬರುತ್ತಿದ್ದ ದಿನಗಳಿದ್ದವು. ಆಗ ಜ್ವರ, ಕೆಮ್ಮು ಇದ್ದೂ ಕಿಟ್ಟಿನಲ್ಲಿ ಒಂದೇ ಗೆರೆ, ಅಂದರೆ ನೆಗೆಟಿವ್, ಬಂತೆಂದು ಮದುವೆಗೆ ಹೋದವರು, ಹಿರಿಯರ ಪಕ್ಕ ಕೂತವರು ಎಷ್ಟೋ ಮಂದಿ. ಅವರು ಸುಳ್ಳು ಹೇಳಿರಲಿಲ್ಲ, ರಿಪೋರ್ಟನ್ನು ನಂಬಿದ್ದರು. ಆ ರಿಪೋರ್ಟನ್ನು ಹೇಗೆ ಓದಬೇಕೆಂದು ಅವರಿಗೆ ಹೇಳಬೇಕಾಗಿದ್ದದ್ದು ನಾವು ವೈದ್ಯರು.

ಇನ್ನು ಆಂಟಿಬಾಡಿ ಪರೀಕ್ಷೆಯ ಮಾತು. ೨೦೨೦ರ ಏಪ್ರಿಲಿನಲ್ಲಿ ಚೀನಾದಿಂದ ತರಿಸಿದ ರ‍್ಯಾಪಿಡ್ ಆಂಟಿಬಾಡಿ ಕಿಟ್ಟುಗಳನ್ನು ರಾಜ್ಯಗಳಿಗೆ ಹಂಚಲಾಯಿತು. ರಾಜಸ್ಥಾನ ಅವುಗಳ ನಿಖರತೆ ನೂರಕ್ಕೆ ೫.೪ ಮಾತ್ರ ಎಂದು ದೂರಿತು. ಏಪ್ರಿಲ್ ೨೧ರಂದು ಐಸಿಎಂಆರ್ ಬಳಕೆ ನಿಲ್ಲಿಸಲು ಹೇಳಿತು, ೨೭ರಂದು ಕಿಟ್ಟುಗಳನ್ನು ಹಿಂದಿರುಗಿಸಲು ಸೂಚಿಸಿತು. ಕಿಟ್ಟುಗಳಲ್ಲಿ ದೋಷವಿತ್ತು. ಒಳ್ಳೆಯ ಕಿಟ್ಟೇ ಆಗಿದ್ದರೂ ನಿನ್ನೆ ಮೊನ್ನೆ ಜ್ವರ ಬಂದವರಲ್ಲಿ ಆಂಟಿಬಾಡಿ ಹುಡುಕಿದರೆ ಏನು ಸಿಕ್ಕೀತು? ಅದು ಇನ್ನೂ ಹುಟ್ಟಿಯೇ ಇರುವುದಿಲ್ಲ.

ಹಾಗೆಂದು ಆಂಟಿಬಾಡಿ ಪರೀಕ್ಷೆ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಒಬ್ಬ ರೋಗಿಗೆ ಕೊಡಲಾಗದ ಉತ್ತರವನ್ನು ಅದು ಒಂದು ನಾಡಿಗೆ ಕೊಟ್ಟಿತು. ೨೦೨೦ರ ಮೇ, ಜೂನಿನಲ್ಲಿ ಐಸಿಎಂಆರ್ ದೇಶದಾದ್ಯಂತ ೨೮,೦೦೦ ವಯಸ್ಕರ ರಕ್ತ ಪರೀಕ್ಷಿಸಿದಾಗ ಸೋಂಕು ಬಂದು ಹೋದವರು ನೂರಕ್ಕೆ ೦.೭೩ ಮಾತ್ರ ಎಂದು ತಿಳಿಯಿತು. ಬಳಸಿದ ಎಲೈಸಾ ಎಂಬ ಪ್ರಯೋಗಾಲಯ ಪರೀಕ್ಷೆಯ ಕಿಟ್ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೂಪಿಸಿದ್ದು, ಸೋಂಕಿಲ್ಲದವರನ್ನು ಗುರುತಿಸುವುದರಲ್ಲಿ ನೂರಕ್ಕೆ ೯೭.೯ರಷ್ಟು ಸರಿ. ಅಂದರೆ ರೋಗವೇ ಇಲ್ಲದ ಊರಿನಲ್ಲೂ ನೂರರಲ್ಲಿ ಇಬ್ಬರು ತಪ್ಪಾಗಿ ಪಾಸಿಟಿವ್ ಬರಬಹುದು! ಒಂದಕ್ಕಿಂತ ಕಡಿಮೆ ಇರುವುದನ್ನು ಎರಡು ತಪ್ಪುವ ಅಳತೆಯಿಂದ ಅಳೆಯುವುದು ಹೇಗೆ? ಪಾಸಿಟಿವ್ ಬಂದ ಮಾದರಿಗಳನ್ನು ಬೇರೊಂದು ಕಿಟ್ಟಿನಲ್ಲಿ ಮತ್ತೆ ಪರೀಕ್ಷಿಸಿ, ಲೆಕ್ಕದಲ್ಲಿ ಕಿಟ್ಟಿನ ತಪ್ಪನ್ನು ಕಳೆದು, ಆ ಸಂಖ್ಯೆಗೆ ಬಂದರು. ಆ ಶ್ರದ್ಧೆ ನನಗೆ ಬಹಳ ಮೆಚ್ಚುಗೆಯಾದದ್ದು.

ಕರ್ನಾಟಕ ಸರ್ಕಾರ ಅದೇ ವರ್ಷ ಸೆಪ್ಟೆಂಬರಿನಲ್ಲಿ ತನ್ನದೇ ಸಮೀಕ್ಷೆ ನಡೆಸಿತು. ಎಲ್ಲ ಜಿಲ್ಲೆಗಳಲ್ಲಿ, ಹಾವೇರಿಯಲ್ಲೂ. ಅದರ ಜಾಣತನವೆಂದರೆ ಆಂಟಿಬಾಡಿಯ ಜೊತೆಗೆ ವೈರಾಣುವನ್ನೂ ಹುಡುಕಿದ್ದು. ಬಂದು ಹೋದವರೂ ಲೆಕ್ಕಕ್ಕೆ ಸಿಕ್ಕರು, ಆ ಹೊತ್ತಿಗೆ ಸೋಂಕು ಇದ್ದವರೂ ಸಿಕ್ಕರು. ಎರಡೂ ಸೇರಿ ರಾಜ್ಯದ ಜನರಲ್ಲಿ ನೂರಕ್ಕೆ ೨೭.೩ ಮಂದಿಗೆ ಸೋಂಕು ತಗುಲಿದೆ ಎಂದು ಸರ್ಕಾರ ಪ್ರಕಟಿಸಿತು. ಸರಿಸುಮಾರು ಒಂದು ಕೋಟಿ ತೊಂಬತ್ತು ಲಕ್ಷ ಜನ. ದಿನವೂ ಪತ್ರಿಕೆಯಲ್ಲಿ ಬರುತ್ತಿದ್ದ ಪ್ರಕರಣಗಳ ಸಂಖ್ಯೆ ಅದರ ಮುಂದೆ ಏನೇನೂ ಅಲ್ಲ. ಎರಡನೇ ಅಲೆ ಇಳಿದ ಮೇಲೆ, ೨೦೨೧ರ ಜೂನ್, ಜುಲೈನಲ್ಲಿ, ಐಸಿಎಂಆರ್ ಮಾಡಿದ ನಾಲ್ಕನೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಆಂಟಿಬಾಡಿ ಇದ್ದವರು ನೂರಕ್ಕೆ ೬೯.೮. ಪಕ್ಕದ ಕೇರಳದಲ್ಲಿ ೪೪.೪. ಆಗ ಕೇರಳದಲ್ಲಿ ದಿನಕ್ಕೆ ಅಷ್ಟೊಂದು ಪ್ರಕರಣಗಳು ಏಕೆ ಎಂದು ಕೇಳುತ್ತಿದ್ದವರಿಗೆ ಉತ್ತರದ ಒಂದು ದೊಡ್ಡ ಪಾಲು ಆ ಎರಡು ಸಂಖ್ಯೆಗಳಲ್ಲೇ ಇತ್ತು. ಇನ್ನೂ ಸೋಂಕು ತಗುಲದವರು ಅಲ್ಲಿ ಹೆಚ್ಚಿದ್ದರು.

ಲಸಿಕೆ ಹಾಕಿಸಿಕೊಂಡ ಮೇಲೆ ಆಂಟಿಬಾಡಿ ಎಷ್ಟು ಎದ್ದಿದೆ ನೋಡೋಣವೆಂದು ಹಣ ಕೊಟ್ಟು ಪರೀಕ್ಷೆ ಮಾಡಿಸಿದವರೂ ಇದ್ದರು. ವೈರಾಣುವಿನ ಯಾವ ಭಾಗದ ವಿರುದ್ಧದ ಪ್ರತಿಕಾಯ ಎಂಬುದು ಕಿಟ್ಟಿನಿಂದ ಕಿಟ್ಟಿಗೆ ಬೇರೆ. ಕೋವಿಶೀಲ್ಡ್ ಕಲಿಸುವುದು ವೈರಾಣುವಿನ ಮುಳ್ಳಿನ ಪ್ರೋಟೀನನ್ನು ಮಾತ್ರ. ಒಳಗಿನ ಪ್ರೋಟೀನಿನ ವಿರುದ್ಧ ಹುಡುಕುವ ಕಿಟ್ಟು ಬಳಸಿದರೆ ಲಸಿಕೆ ಚೆನ್ನಾಗಿ ಹತ್ತಿದವರಿಗೂ ನೆಗೆಟಿವ್ ಬರುತ್ತದೆ. ಅಂಥ ರಿಪೋರ್ಟು ಹಿಡಿದು ಅತ್ತವರನ್ನು ಸಮಾಧಾನ ಮಾಡುವುದು ಆಗ ನಮ್ಮ ಕೆಲಸವಾಗಿತ್ತು.

ಕೋವಿಡ್ ಹಿಂದೆ ಸರಿಯಿತು. ಜ್ವರ ಸರಿದಿಲ್ಲ. ನಮ್ಮ ಸೀಮೆಯಲ್ಲಿ ಇವತ್ತು ಅತಿ ಹೆಚ್ಚು ತಪ್ಪಾಗಿ ಓದುವ ಪರೀಕ್ಷೆ ಯಾವುದೆಂದು ಕೇಳಿದರೆ ನಾನು ವೈಡಾಲ್ ಎನ್ನುತ್ತೇನೆ. ಇದು ವೈರಾಣುವಿನ ಪರೀಕ್ಷೆಯಲ್ಲ, ಟೈಫಾಯ್ಡ್ ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯದ ಪರೀಕ್ಷೆ. ಫ್ರಾನ್ಸಿನ ಫೆರ್ನಾಂಡ್ ವೈಡಾಲ್ ೧೮೯೬ರಲ್ಲಿ ಕೊಟ್ಟದ್ದು. ಹಳ್ಳಿಯ ಒಬ್ಬ ತಾಯಿ ಮಗನನ್ನು ಕರೆತಂದು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಡಾಕ್ಟರ್ರೀ, ಹೋದ ವರ್ಸನೂ ಟೈಫಾಯ್ಡ್ ಅಂದ್ರು, ಈ ವರ್ಸನೂ ಟೈಫಾಯ್ಡ್ ಅಂತಾರ. ನಮ್ಮ ಹುಡುಗಗ ಅದು ಬಿಡೂದ ಇಲ್ಲೇನ್ರೀ?"

"ಜ್ವರ ಯಾವಾಗ ಬಂತು ಯವ್ವಾ?"

"ಮೊನ್ನಿ ಸಂಜಿಮುಂದರಿ."

ಮೊನ್ನೆ ಸಂಜೆ ಬಂದ ಜ್ವರಕ್ಕೆ ಇವತ್ತು ಮೂರನೇ ದಿನ. ಟೈಫಾಯ್ಡಿನಲ್ಲಿ ಪ್ರತಿಕಾಯ ಅಳೆಯುವಷ್ಟು ಏಳುವುದು ಸಾಮಾನ್ಯವಾಗಿ ಮೊದಲ ವಾರ ಕಳೆದ ಮೇಲೆ. ಹಾಗಾದರೆ ಮೂರನೇ ದಿನ ರಕ್ತದಲ್ಲಿ ಕಂಡದ್ದು ಈ ಜ್ವರದ್ದಲ್ಲ. ಹಳೆಯ ಸೋಂಕಿನದೋ, ಲಸಿಕೆಯದೋ, ನಮ್ಮ ನೀರು ಅನ್ನದಲ್ಲಿ ಸದಾ ಬಂದು ಹೋಗುವ ಅದೇ ಜಾತಿಯ ಬ್ಯಾಕ್ಟೀರಿಯಾದ್ದೋ ಇರಬೇಕು. ಬೇರೆ ಜ್ವರ ಬಂದಾಗಲೂ ಹಳೆಯ ಪ್ರತಿಕಾಯ ಕೆರಳಿ ಏರುವುದುಂಟು. ನಮ್ಮಂಥ ಕಡೆ ಆರೋಗ್ಯವಂತರ ರಕ್ತದಲ್ಲೂ ಅದು ಅಷ್ಟಿಷ್ಟು ಇದ್ದೇ ಇರುತ್ತದೆ. ಒಂದೇ ಸಲ ಮಾಡಿದ ವೈಡಾಲನ್ನು ನೋಡಿ ಸಲಾಯಿನ್ ಹಚ್ಚಿ, ವಾರಗಟ್ಟಲೆ ಆಂಟಿಬಯೋಟಿಕ್ ಕೊಡುವುದು ಮಗುವಿಗೂ ಅನ್ಯಾಯ, ಮನೆಯ ದುಡ್ಡಿಗೂ ಅನ್ಯಾಯ. ಅದಕ್ಕಿಂತ ದೊಡ್ಡ ಅಪಾಯ, ನಿಜವಾದ ಕಾಯಿಲೆ ಡೆಂಗಿಯಾಗಿದ್ದರೆ ಅದನ್ನು ಹುಡುಕುವುದನ್ನೇ ಬಿಟ್ಟುಬಿಡುತ್ತೇವೆ. ಟೈಫಾಯ್ಡ್ ಎಂಬ ಅನುಮಾನ ಬಲವಾಗಿದ್ದರೆ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತ ತೆಗೆದು ಕಲ್ಚರ್‌ಗೆ ಕಳಿಸಬೇಕು. ಉತ್ತರಕ್ಕೆ ಕೆಲವು ದಿನ ಬೇಕು, ಸೌಲಭ್ಯವಿರುವ ಲ್ಯಾಬು ಬೇಕು. ಆದರೂ ಅದೇ ಸರಿಯಾದ ದಾರಿ.

ಡೆಂಗಿಯಲ್ಲಿ ದಿನದ ಲೆಕ್ಕ ಇನ್ನೂ ಬಿಗಿ. ಜ್ವರದ ಮೊದಲ ಐದು ದಿನ ಎನ್‌ಎಸ್ ಒನ್ ಹುಡುಕಬೇಕು. ಅದು ವೈರಾಣು ರಕ್ತಕ್ಕೆ ಬಿಡುವ ಪ್ರೋಟೀನು. ಐದನೇ ದಿನದಿಂದ ಮೇಲೆ ಐಜಿಎಂ. ಎರಡನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಬಂದರೆ ಡೆಂಗಿ ಇಲ್ಲವೆಂದು ಹೇಳಲಾಗದು. ಎಂಟನೇ ದಿನ ಎನ್‌ಎಸ್ ಒನ್ ಮಾಡಿಸಿ ನೆಗೆಟಿವ್ ಬಂದರೂ ಹೇಳಲಾಗದು. ಐಜಿಎಂ ಎರಡು ಮೂರು ತಿಂಗಳು ಉಳಿಯುವುದರಿಂದ ಇವತ್ತಿನ ಪಾಸಿಟಿವ್ ಎರಡು ತಿಂಗಳ ಹಿಂದಿನ ಸೋಂಕಿನದ್ದೂ ಇರಬಹುದು. ಬರೀ ಐಜಿಜಿ ಗೆರೆ ಕಂಡರೆ ಅದು ಎಂದೋ ಬಂದು ಹೋದ ಡೆಂಗಿಯ ಗುರುತು ಇರಬಹುದು, ಅಥವಾ ಡೆಂಗಿಯ ನೆಂಟನಾದ ಮಿದುಳು ಜ್ವರದ ವೈರಾಣುವಿನದ್ದು. ಲ್ಯಾಬಿನಲ್ಲಿ ಕಾರ್ಡಿನ ಮೇಲೆ ಮೂರು ಹನಿ ಹಾಕಿ ಇಪ್ಪತ್ತು ನಿಮಿಷದಲ್ಲಿ ಕೊಡುವ ರಿಪೋರ್ಟು ಬೇರೆ, ಎಲೈಸಾ ರಿಪೋರ್ಟು ಬೇರೆ. ಇವೆರಡರಲ್ಲಿ ಸರ್ಕಾರ ಡೆಂಗಿ ಖಚಿತವೆಂದು ಲೆಕ್ಕಕ್ಕೆ ಹಿಡಿಯುವುದು ಎಲೈಸಾವನ್ನು ಮಾತ್ರ. ೨೦೨೪ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ನಿಗದಿ ಮಾಡಿತು. ಎನ್‌ಎಸ್ ಒನ್ ಎಲೈಸಾಕ್ಕೆ ೩೦೦ ರೂಪಾಯಿ, ಐಜಿಎಂ ಎಲೈಸಾಕ್ಕೆ ೩೦೦, ಕಾರ್ಡು ಪರೀ‌ಕ್ಷೆಗೆ ೨೫೦. ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಆ ದರದಲ್ಲಿ ಕಾರ್ಡಿಗಿಂತ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಒಂದು ಎಲೈಸಾ ಸಿಗುತ್ತಿತ್ತು. ಕಾರ್ಡೋ ಎಲೈಸಾವೋ, ಯಾವುದನ್ನು ಮಾಡುತ್ತಿದ್ದೀರಿ ಎಂದು ಲ್ಯಾಬಿನವರನ್ನು ಕೇಳುವ ಹಕ್ಕು ನಿಮಗಿದೆ.

ಡೆಂಗಿಯ ಬಗ್ಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಮೂರನೇ ದಿನದಿಂದ ಏಳನೇ ದಿನದ ನಡುವೆ. ಹೊಟ್ಟೆನೋವು ಬಿಡದಿದ್ದರೆ, ವಾಂತಿ ನಿಲ್ಲದಿದ್ದರೆ, ಒಸಡಲ್ಲಿ ಮೂಗಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿದರೆ ರಿಪೋರ್ಟು ನೆಗೆಟಿವ್ ಇದ್ದರೂ ಕೂಡಲೇ ಆಸ್ಪತ್ರೆಗೆ ಬನ್ನಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಬೇಡ.

ಎಲ್ಲರಿಗೂ ಪರೀಕ್ಷೆ ಬೇಡವಾಗುವ ಹೊತ್ತೂ ಉಂಟು. ೨೦೦೬ನ್ನು ನೆನೆಸಿಕೊಳ್ಳಿ. ಚಿಕುನ್‌ಗುನ್ಯ ಬಂದು ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದ ವರ್ಷ. ಆ ವರ್ಷ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು, ದೇಶದಲ್ಲೇ ಹೆಚ್ಚು. ಅವರಲ್ಲಿ ರಕ್ತ ಪರೀಕ್ಷೆ ಆದವರು ಬಹಳ ಕಡಿಮೆ. ಅದು ತಪ್ಪಲ್ಲ. ಓಣಿಯಲ್ಲಿ ಎಲ್ಲರ ಕೀಲೂ ಹಿಡಿದಾಗ ಕೆಲವರ ರಕ್ತದಲ್ಲಿ ಖಚಿತವಾದರೆ ಸಾಕು, ಉಳಿದವರಿಗೆ ಕಣ್ಣಳತೆಯೇ ಸಾಕು. ಪರೀಕ್ಷೆಯ ಹಣ ಸೊಳ್ಳೆ ನಿಯಂತ್ರಣಕ್ಕೆ ಹೋದರೆ ಲಾಭ.

ಇನ್ನು ಕೆಲವೊಮ್ಮೆ ಪರೀಕ್ಷೆಯೇ ದಾರಿ ತೋರಿಸುತ್ತದೆ. ನಮ್ಮ ಜಿಲ್ಲೆಯ ಹಾನಗಲ್ಲ, ಹಿರೇಕೆರೂರು ದಾಟಿದರೆ ಸೊರಬ. ೧೯೫೭ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂದು ವಿಜ್ಞಾನಿಗಳು ಹೆದರಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿದರು. ಪ್ರತಿಕಾಯದ ಪರೀಕ್ಷೆಗಳು ಅದರ ಬಂಧುಬಳಗವನ್ನು ತೋರಿಸಿಕೊಟ್ಟವು. ಅದು ಹಳದಿ ಜ್ವರದ್ದಲ್ಲ, ಉಣ್ಣೆಗಳಿಂದ ಹರಡುವ ರಷ್ಯಾದ ಮಿದುಳು ಜ್ವರದ ಬಳಗದ್ದು. ಸೊಳ್ಳೆಯ ಹಿಂದೆ ಹೋಗಬಹುದಾಗಿದ್ದವರು ಉಣ್ಣೆಯ ಹಿಂದೆ ಹೋದರು. ಮಂಗನ ಕಾಯಿಲೆ ಎಂಬ ಹೆಸರಿನ ಹಿಂದೆ ಇಂಥದೊಂದು ಪ್ರಯೋಗಶಾಲೆಯ ಗೆಲುವಿದೆ. ನೀವು ಅಡಿಕೆ ಕೊಯ್ಲಿಗೋ ಕಟ್ಟಿಗೆಗೋ ಮಲೆನಾಡಿಗೆ ಹೋಗಿ ಬಂದು ಜ್ವರ ಹಿಡಿದಿದ್ದರೆ ಆ ಮಾತನ್ನು ವೈದ್ಯರಿಗೆ ಹೇಳಲೇಬೇಕು. ಹೇಳದಿದ್ದರೆ ನಾವು ಡೆಂಗಿಯನ್ನೇ ಹುಡುಕುತ್ತ ಕೂರುತ್ತೇವೆ, ಆ ಪರೀಕ್ಷೆ ನೆಗೆಟಿವ್ ಬರುತ್ತದೆ, ಮಂಗನ ಕಾಯಿಲೆಯ ಪಿಸಿಆರ್ ಮಾಡಬಹುದಾದ ಮೊದಲ ದಿನಗಳು ಕಳೆದುಹೋಗುತ್ತವೆ. ಯಾವ ರೋಗವನ್ನು ಹುಡುಕಬೇಕೆಂಬ ಅನುಮಾನ ವೈದ್ಯರಿಗೂ ಬರಬೇಕು. ೨೦೧೮ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನ ವೈದ್ಯರು ಒಂದೇ ಮನೆಯಲ್ಲಿ ಸಾವುಗಳಾದುದನ್ನು ಗಮನಿಸಿ ಮಾದರಿಯನ್ನು ನಮ್ಮ ಮಣಿಪಾಲದ ವೈರಾಣು ಕೇಂದ್ರಕ್ಕೆ ಕಳಿಸಿದರು. ಅಲ್ಲಿ ನಿಪಾ ವೈರಾಣು ಅಷ್ಟು ಬೇಗ ಪತ್ತೆಯಾದದ್ದು ಯಂತ್ರದಿಂದ ಎಷ್ಟೋ, ಆ ವೈದ್ಯರ ಅನುಮಾನದಿಂದಲೂ ಅಷ್ಟೇ.

ಜ್ವರದ ಆಚೆಗೂ ಇದೇ ಎಚ್ಚರ ಬೇಕು. ಎಚ್‌ಐವಿ ಪರೀಕ್ಷೆ ನಮ್ಮಲ್ಲಿರುವ ಅತ್ಯಂತ ನಿಖರವಾದವುಗಳಲ್ಲಿ ಒಂದು. ಆದರೂ ಲಕ್ಷಣವಿಲ್ಲದವರಿಗೆ ಮೊದಲ ಕಿಟ್ಟಿನಲ್ಲಿ ಪಾಸಿಟಿವ್ ಬಂದರೆ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಬೇರೆ ಬೇರೆ ಎರಡು ಕಿಟ್ಟಿನಲ್ಲಿ ಮತ್ತೆ ನೋಡಿ, ಮೂರೂ ಒಪ್ಪಿದ ಮೇಲೆಯೇ ಹೇಳುತ್ತಾರೆ. ಒಬ್ಬ ಮನುಷ್ಯನ ಬಾಳು ಅಲುಗಾಡುವ ಮಾತನ್ನು ಒಂದೇ ಕಿಟ್ಟು ನೋಡಿ ಹೇಳಬಾರದು. ಸೋಂಕಿರುವ ತಾಯಿಯ ಕೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯ ಹದಿನೆಂಟು ತಿಂಗಳವರೆಗೂ ಇರಬಹುದು. ಕೂಸಿಗೆ ರೋಗ ಇಲ್ಲದಿದ್ದರೂ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಎನ್ನುತ್ತದೆ. ಅದಕ್ಕೇ ಆರು ವಾರಕ್ಕೆ ಕೂಸಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ವೈರಾಣುವನ್ನೇ ಹುಡುಕಲು ಕಳಿಸುತ್ತಾರೆ. ಆ ಕಾಗದ ಬಂದು ಮುಟ್ಟುವವರೆಗೆ ಅಜ್ಜಿ, ಅತ್ತೆ, ನೆರೆಹೊರೆ ಯಾರೂ ಆ ಕೂಸಿನ ಮೇಲೆ ತೀರ್ಪು ಕೊಡಬಾರದು. ನಾಯಿ ಕಚ್ಚಿದರೆ ಮಾತ್ರ ಯಾವ ಪರೀಕ್ಷೆಗೂ ಕಾಯಬೇಡಿ. ಲಕ್ಷಣ ಕಾಣುವ ಮೊದಲು ರೇಬೀಸ್ ಹೇಳುವ ರಕ್ತ ಪರೀಕ್ಷೆಯಿಲ್ಲ. ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಬನ್ನಿ.

ಮತ್ತೆ ದಿನದ ಮಾತಿಗೆ ಬರೋಣ. ಸರ್ಕಾರಿ ಆಸ್ಪತ್ರೆಯಿಂದ ಮಾದರಿ ಕಳಿಸುವ ನಮೂನೆಯಲ್ಲಿ ಜ್ವರ ಶುರುವಾದ ದಿನಾಂಕಕ್ಕೆ ಒಂದು ಖಾನೆ ಇದೆ. ಬಹಳ ಸಲ ಅದು ಖಾಲಿಯೇ ಹೋಗುತ್ತದೆ. ರೋಗಿ ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಖಾಸಗಿ ಚೀಟಿಗಳಲ್ಲಿ ಆ ಖಾನೆಯೇ ಇರುವುದಿಲ್ಲ. ನನ್ನ ಜೊತೆಯ ವೈದ್ಯರಲ್ಲಿ, ಲ್ಯಾಬಿನ ಗೆಳೆಯರಲ್ಲಿ ಕೇಳಿಕೊಳ್ಳುತ್ತೇನೆ: ಚೀಟಿಯ ಮೇಲೆ ದಿನ ಬರೆಯಿರಿ, ರಿಪೋರ್ಟಿನ ಮೇಲೆ ಕಾರ್ಡೋ ಎಲೈಸಾವೋ ಬರೆಯಿರಿ. ಆಶಾ ಅಕ್ಕಂದಿರೇ, ಮನೆಮನೆಗೆ ಹೋದಾಗ ಜ್ವರ ಇದೆಯೇ ಎಂದು ಕೇಳುವುದರ ಜೊತೆಗೆ ಯಾವ ದಿನದಿಂದ ಎಂದೂ ಬರೆದುಕೊಳ್ಳಿ. ಮನೆಯಲ್ಲಿ ಮಗುವಿನ ಮೈ ಬಿಸಿಯಾದ ದಿನವೇ ಗೋಡೆಯ ಕ್ಯಾಲೆಂಡರಿನ ಆ ದಿನಾಂಕಕ್ಕೆ ಒಂದು ಗೆರೆ ಎಳೆಯಿರಿ. ಆಸ್ಪತ್ರೆಯಲ್ಲಿ ನೆನಪಿಗೆ ಬಾರದಿದ್ದರೆ ಮನೆಗೆ ಫೋನು ಮಾಡಿ ಕೇಳಬಹುದು. ಮೊದಲ ಪರೀಕ್ಷೆ ನೆಗೆಟಿವ್ ಬಂದು, ಜ್ವರ ನಿಲ್ಲದೆ, ಐದನೇ ದಿನದ ಮೇಲೆ ಇನ್ನೊಮ್ಮೆ ರಕ್ತ ಕೊಡಿ ಎಂದು ವೈದ್ಯರು ಹೇಳಿದರೆ, ಇವರಿಗೆ ದುಡ್ಡಿನಾಸೆ ಎಂದುಕೊಳ್ಳದೆ ದಯವಿಟ್ಟು ಕೊಡಿ. ತಾಲ್ಲೂಕು ಆಸ್ಪತ್ರೆಗೆ ಬಂದು ಕೊಟ್ಟರೂ ಆಯಿತು.